ಇರುವೆ ಮುಟ್ಟದ ಮಿಠಾಯಿ

"ಇನ್ನೊಂದು ಸಲ ಹೇಳು," ಎಂದಳು ಸೂಜಿ. "ಮೊನ್ನೆ ಮೈಕಿನಲ್ಲಿ ಹೇಗೆ ಹೇಳಿದೆಯೋ ಹಾಗೇ. ಅದೇ ರಾಗ, ಅದೇ ನಗು."

ಗೋಪುರದವನು ಕೈಯಲ್ಲಿದ್ದ ಮೈಕನ್ನು ಕೆಳಗಿಟ್ಟ. "ಬೇಡ ಮೇಡಂ. ಈಗ ಬಾಯಿ ಬರಲ್ಲ."

"ಮೊನ್ನೆ ಬಂತಲ್ಲ?"

"ಮೊನ್ನೆ ಗೊತ್ತಿರಲಿಲ್ಲ."

"ಏನು ಗೊತ್ತಿರಲಿಲ್ಲ? ಕೆಳಗೆ ಒದ್ದಾಡ್ತಿರೋದು ಮನುಷ್ಯ ಅಂತ ಗೊತ್ತಿರಲಿಲ್ವಾ? ಹೇಳು ಅಂದೆ!"

ಅವನು ಗಂಟಲು ಸರಿಮಾಡಿಕೊಂಡು, ತಲೆ ತಗ್ಗಿಸಿ, ಪಾಠ ಬಾರದ ಹುಡುಗ ಒಪ್ಪಿಸುವಂತೆ ಒಪ್ಪಿಸಿದ. "ಬನ್ನಿ ಬನ್ನಿ, ಊರಿಗೆಲ್ಲ ಅರ್ಥ ಹೇಳೋ ಮೇಷ್ಟ್ರಿಗೇ ದಾರಿ ತಪ್ಪಿದೆ! ಯಾರಾದ್ರೂ ಕೈ ಹಿಡಿದು ಮನೆಗೆ ಬಿಟ್ಟು ಬನ್ನಿ, ಅಮ್ಮಾವ್ರು ಕಾಯ್ತಿರ್ತಾರೆ!"

ಸೂಜಿಯ ಪಿತ್ತ ನೆತ್ತಿಗೇರಿತು. ಅವನನ್ನು ಎತ್ತಿ ಆ ಗೋಪುರದಿಂದ ಕೆಳಗೆ ಎಸೆಯಬೇಕೆನಿಸಿತು. ಎಸೆಯಲಿಲ್ಲ, ಅವನಿಂದ ಇನ್ನೂ ಕೇಳಿ ತಿಳಿಯುವುದು ಬಾಕಿ ಇತ್ತು.

ನಿಘಂಟಿನ ಪ್ರಧಾನ ಸಂಪಾದಕ, ಸೂಜಿಯ ಒಬ್ಬನೇ ಅಣ್ಣ, ಮೊನ್ನೆ ಹಾಡಹಗಲಲ್ಲಿ ಇದೇ ಗೋಪುರದ ಕೆಳಗಿನ ಬೇಲಿಗಳ ನಡುವೆ ತುಂಬಿದ ಸಭೆಯ ಕಣ್ಣೆದುರಿಗೇ ಕುಸಿದು ಸತ್ತಿದ್ದ.

ಆ ಜಾಗವನ್ನು ಒಮ್ಮೆ ನೋಡಿಬಿಡಿ. ಆಳೆತ್ತರಕ್ಕೂ ಮೀರಿ ಬೆಳೆದ ಗಿಡಗಳ ಗೋಡೆ, ಗೋಡೆಗಳ ನಡುವೆ ಇಬ್ಬರು ಜೊತೆಯಾಗಿ ನಡೆಯಬಹುದಾದ ಓಣಿ. ಒಂದು ಓಣಿ ನಾಲ್ಕಾಗಿ ಒಡೆಯುತ್ತದೆ, ಮೂರು ಹೋಗಿ ಗೋಡೆಗೆ ಮುಖ ತಾಗಿಸುತ್ತವೆ. ಟಿಕೆಟ್ ಕೊಂಡು ಒಳಗೆ ಹೋಗಿ ಕಳೆದುಹೋಗುವುದೇ ಆಟ. ಕಳೆದುಹೋದವರನ್ನು ಮೇಲಿನಿಂದ ನೋಡಿ, ಮೈಕಿನಲ್ಲಿ ನಾಲ್ಕು ತಮಾಷೆ ಹೇಳಿ, ಕೊನೆಗೆ ದಾರಿ ತೋರಿಸುವುದು ಗೋಪುರದವನ ಉದ್ಯೋಗ.

ಅಣ್ಣ ಇಲ್ಲಿಗೆ ಪ್ರತಿ ಭಾನುವಾರ ಬರುತ್ತಿದ್ದ. ವರ್ಷಗಟ್ಟಲೆ ಬಂದು ಬಂದು ಅವನಿಗೆ ಇದು ಮನೆಯ ಪಡಸಾಲೆಯಾಗಿತ್ತು. ಕಣ್ಣು ಮುಚ್ಚಿ ಒಳಹೊಕ್ಕು, ಕಣ್ಣು ಮುಚ್ಚಿಯೇ ಹೊರಬಂದು ಗೆಳೆಯರಿಂದ ಕಾಫಿ ಗೆದ್ದವನು. ಅಂಥವನಿಗೆ ದಾರಿ ತಪ್ಪಿದ್ದು ಹೇಗೆ?

ಇನ್‌ಸ್ಪೆಕ್ಟರಿಗೂ ಅದೇ ಪ್ರಶ್ನೆ. ಆತ ಹಿಂದೆ ಸೂಜಿಯ ಕೈಕೆಳಗೆ ಪಳಗಿದವನು. ಸೂಜಿ ಎಂಬ ಹೆಸರು ಇಲಾಖೆಯಲ್ಲಿ ಬಿದ್ದದ್ದೇ ಅವನ ಕಾಲದಲ್ಲಿ. ಮೈ ಸಣ್ಣ, ಮಾತು ಚುಚ್ಚು. ಅವಳು ರಾಜೀನಾಮೆ ಬಿಸಾಕಿ ಸ್ವಂತ ಪತ್ತೇದಾರಿಕೆಗೆ ಇಳಿದ ಮೇಲೂ ಹೆಸರು ಬಿಡಲಿಲ್ಲ. ಈ ಶಿಷ್ಯೋತ್ತಮ ಎರಡು ದಿನ ಟೇಪು ಹಿಡಿದು ಬೇಲಿ ಅಳೆದ. ಯಾರೋ ರಾತ್ರೋರಾತ್ರಿ ಗಿಡ ಸರಿಸಿ ಓಣಿ ಬದಲಿಸಿದ್ದಾರೆ ಎಂಬುದು ಅವನ ಲೆಕ್ಕ. ಆದರೆ ಒಂದು ಗಿಡವೂ ಜಾಗ ಬಿಟ್ಟು ಕದಲಿರಲಿಲ್ಲ. ಆಮೇಲೆ ಗೋಪುರದವನನ್ನು ಠಾಣೆಗೆ ಎಳೆದೊಯ್ದು ಕೂರಿಸಿದ. ಅವನ ಮೈಕಿನ ತಮಾಷೆ ಅತಿಯಾಯಿತೆಂದು ಅಣ್ಣ ಹಿಂದೊಮ್ಮೆ ದೂರು ಕೊಟ್ಟಿದ್ದನಂತೆ, ಆ ಸೇಡಿಗೆ ತಪ್ಪು ದಾರಿ ಹೇಳಿರಬೇಕಂತೆ. ಸಾಕ್ಷಿ ಕೇಳಿದರೆ ಸೊನ್ನೆ. ಬಿಟ್ಟು ಕಳಿಸಿದ.

ಅತ್ತ ಮನೆಯಲ್ಲಿ ಅತ್ತಿಗೆ ಅನ್ನ ಬಿಟ್ಟಿದ್ದಳು. "ಈ ಕೈಯೇ ಕಣೇ, ಈ ಕೈಯೇ," ಎಂದು ಬಲಗೈ ನೋಡಿಕೊಂಡು ಗೊಣಗುತ್ತಿದ್ದಳು. ಅಣ್ಣನಿಗೆ ದಿನವೂ ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚುತ್ತಿದ್ದ ಕೈ ಅದು. ಅಂದೂ ಚುಚ್ಚಿತ್ತು. ಆ ಸಭೆಯ ಭಾಷಣಕ್ಕೆ ಹೊತ್ತಾಯಿತೆಂದು ಅವನು ಎರಡು ತುತ್ತು ತಿಂದು ಎದ್ದು ಹೋಗಿದ್ದ. "ಸಾಯೋಕೆ ಅಷ್ಟು ಸಾಕಾಗಿತ್ತೇನೋ," ಎಂದು ಅವಳು, "ಹುಚ್ಚುಚ್ಚಾಗಿ ಮಾತಾಡ್ಬೇಡಿ ಅತ್ತಿಗೆ, ನಿಮ್ಮ ಕೈಯಿಂದ ಆಗಿಲ್ಲ ಅಂತ ನಾನು ಸಾಬೀತು ಮಾಡ್ತೀನಿ," ಎಂದು ಇವಳು. ಮಾತು ಕೊಟ್ಟಾಗಿತ್ತು. ಅಣ್ಣ ಹೇಗೂ ಹೋದ. ಅತ್ತಿಗೆಯನ್ನಾದರೂ ಉಳಿಸಿಕೊಳ್ಳಬೇಕಿತ್ತು.

"ಮೊದಲಿಂದ ಹೇಳು," ಎಂದಳು ಸೂಜಿ. "ನೀನು ನೋಡಿದ್ದು ಮಾತ್ರ."

ಗೋಪುರದವನು ಕೈ ಚಾಚಿ ತೋರಿಸುತ್ತ ಹೇಳಿದ. "ಜನ ಎಲ್ಲ ಈ ಗೋಪುರದ ಸುತ್ತ ಮೆಟ್ಟಿಲ ಮೇಲೆ ಕೂತಿದ್ರು. ಅಲ್ಲಿಂದ ಒಳಗಿನ ಓಣಿ ಎಲ್ಲ ಕಾಣತ್ತೆ. ಮೇಷ್ಟ್ರು ಹೊರಗಿಂದ ಒಬ್ರೇ ಒಳಗೆ ಬಂದ್ರು. ಶುರುವಿನಲ್ಲಿ ಸರಸರ ನಡೆದ್ರು ಮೇಡಂ, ಎಂದಿನ ಹಾಗೇ. ಅಗೋ, ಆ ಕಲ್ಲುಬೆಂಚಿನ ತಿರುವು ಇದೆಯಲ್ಲ, ಅಲ್ಲಿ ನಿಂತ್ರು. ನೆರಳಲ್ಲೇ ನಿಂತಿದ್ರೂ ಮುಖ ಒರೆಸಿಕೊಂಡ್ರು. ಎಡಕ್ಕೆ ಹೋಗ್ಬೇಕು, ಬಲಕ್ಕೆ ಹೋದ್ರು. ಗೋಡೆ ಸಿಕ್ತು. ವಾಪಸ್ ಬಂದ್ರು. ಮತ್ತೆ ಅದೇ ಗೋಡೆಗೆ ಹೋದ್ರು. ಗಿಡದ ಜೊತೆ ಏನೋ ಜಗಳ ಆಡಿದ್ರು, ಆಮೇಲೆ ತಾವೇ ನಕ್ಕರು."

"ಜನ?"

"ಜನಾನೂ ನಕ್ಕರು."

"ನೀನು?"

ಅವನು ಕೆಳಗಿಟ್ಟಿದ್ದ ಮೈಕನ್ನು ಕಾಲಿನಿಂದ ಅತ್ತ ಸರಿಸಿದ. "ಆಮೇಲೆ ನೆಲದ ಮೇಲೆ ಕೂತ್ಕೊಂಡು ಜೇಬಿಂದ ಮಿಠಾಯಿ ತೆಗೆದ್ರು. ಕೈ ನಡುಗ್ತಿತ್ತು, ಕಾಗದ ಬಿಚ್ಚೋಕೇ ಆಗ್ಲಿಲ್ಲ. ಹಲ್ಲಲ್ಲಿ ಕಚ್ಚಿ ಬಿಚ್ಚಿದ್ರು. ಒಂದಾದ ಮೇಲೊಂದು ಬಾಯಿಗೆ ಹಾಕ್ಕೊಂಡ್ರು. ಜನ 'ಇನ್ನೊಂದು, ಇನ್ನೊಂದು' ಅಂತ ಚಪ್ಪಾಳೆ ಹೊಡೆದ್ರು ಮೇಡಂ. ಹಾಗೇ ಗಿಡಕ್ಕೆ ಒರಗಿದ್ರು. ನಾವು... ನಾವು ಅದಕ್ಕೂ ಚಪ್ಪಾಳೆ ಹೊಡೆದ್ವಿ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಸೂಜಿ ಕಂಬಿ ಹಿಡಿದು ಕೆಳಗೆ ನೋಡಿದಳು. ಆ ಖಾಲಿ ಮೆಟ್ಟಿಲುಗಳ ಮೇಲೆ ಅಂದು ಕೂತಿದ್ದವರು ಯಾರು? ಓದುಬರಹ ತಿಳಿದ ಜನ. ಪ್ರೊಫೆಸರುಗಳು, ಪತ್ರಿಕೆಯವರು, ನಿಘಂಟು ಕಚೇರಿಯ ಸಮಸ್ತರು. ಅಷ್ಟು ಮಂದಿಯಲ್ಲಿ ಒಬ್ಬರಾದರೂ ಎದ್ದು ಕೆಳಗಿಳಿದು ಬರಬಾರದಿತ್ತೆ?

ಏಣಿಯ ಮೇಲೆ ಯಾರೋ ಏದುಸಿರು ಬಿಡುತ್ತ ಹತ್ತಿ ಬರುವ ಸದ್ದಾಯಿತು. ಅವಳೇ ಕರೆಸಿದ್ದವರು, ನಿಘಂಟಿನ ಉಪಸಂಪಾದಕರು. ಯಾವ ವಾಕ್ಯವನ್ನೂ ಮುಗಿಸದೆ ಎಳೆಯುವ ಅಭ್ಯಾಸದಿಂದ ಕಚೇರಿಯಲ್ಲಿ ಅವರಿಗೆ ಅಲ್ಪವಿರಾಮ ಎಂದು ಹೆಸರು. ಅಣ್ಣ ಹೋದ ಮೇಲೆ ಪ್ರಧಾನ ಸಂಪಾದಕರ ಕುರ್ಚಿ ಇವರಿಗೇ ಸಿಗುವುದೆಂದು ಊರೆಲ್ಲ ಮಾತು.

"ಬನ್ನಿ," ಎಂದಳು ಸೂಜಿ. "ನೀವು ಮುಂದಿನ ಸಾಲಲ್ಲೇ ಕೂತಿದ್ರಂತೆ. ಚಪ್ಪಾಳೆ ಶುರು ಮಾಡಿದ್ದೂ ನೀವೇ ಅಂತೆ."

"ಅದು, ಅಂದರೆ, ನೋಡಿಯಮ್ಮ, ಸಂದರ್ಭ ಏನಿತ್ತು ಅಂದರೆ..."

"ಸಾಯ್ತಿರೋ ಮನುಷ್ಯನಿಗೆ ಯಾವ ಸಂದರ್ಭದಲ್ಲಿ ಚಪ್ಪಾಳೆ ಹೊಡೀತಾರೆ ಸ್ವಾಮಿ?"

ಅಲ್ಪವಿರಾಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಅಭಿನಯ ಅಂದ್ಕೊಂಡ್ವಿ."

"ಏನು?"

"ಒಳಗೆ ಹೋಗೋಕೆ ಮುಂಚೆ ಅವರೇ ಹೇಳಿದ್ರು, 'ಇವತ್ತು ಈ ಪದದ ಮೊದಲನೇ ಅರ್ಥ ಏನು ಅಂತ ಬಾಯಲ್ಲಿ ಹೇಳಲ್ಲ, ನಡೆದು ತೋರಿಸ್ತೀನಿ' ಅಂತ. ಗೋಪುರಕ್ಕೆ ಬಂದ ಮೇಲೆ ಉಳಿದ ಭಾಷಣ ಅಂತ, ಹಾಗಾಗಿ, ನಮಗೆ..."

"ಯಾವ ಪದ?"

"ಈ ಜಾಗದ್ದೇ. ಇಂಗ್ಲಿಷಿನವರು ಇದನ್ನ ಮೇಜ್ ಅಂತಾರಲ್ಲ, ಅದು. ನಮ್ಮ ಇಂಗ್ಲಿಷ್-ಕನ್ನಡ ನಿಘಂಟಿನಲ್ಲಿ ಈಗ ಎಂ ಅಕ್ಷರ ನಡೀತಾ ಇದೆ. ಬಾಗಿಲ ಹತ್ತಿರ ಚಕ್ರವ್ಯೂಹ ಅಂತ ಬೋರ್ಡ್ ಹಾಕಿದ್ದಾರೆ ನೋಡಿ, ಅದು ಕಂಡ್ರೆ ಅವರಿಗೆ ಆಗ್ತಿರಲಿಲ್ಲ. 'ಚಕ್ರವ್ಯೂಹ ಶತ್ರು ಕಟ್ಟೋದು, ಕೊಲ್ಲೋಕೆ. ಇದು ಆಟ ಕಣಯ್ಯಾ' ಅಂತ ರೇಗ್ತಿದ್ರು."

"ಮೊದಲನೇ ಅರ್ಥ ಏನು?"

ಪದದ ಮಾತು ಬಂದರೆ ಅಲ್ಪವಿರಾಮರ ನಾಲಿಗೆ ತಾನೇ ನೆಟ್ಟಗಾಗುತ್ತಿತ್ತು. "ಆರೇಳು ನೂರು ವರ್ಷದ ಹಿಂದೆ ಆ ಪದಕ್ಕೆ ಬೇಲಿಯೂ ಇರಲಿಲ್ಲ, ಗೋಡೆಯೂ ಇರಲಿಲ್ಲ. ತಲೆಗೆ ಮಂಕು ಕವಿದು ಮನುಷ್ಯ ಕಕ್ಕಾಬಿಕ್ಕಿ ಆಗ್ತಾನಲ್ಲ, ಆ ಸ್ಥಿತಿಗೆ ಅದು ಹೆಸರು. ಭ್ರಮೆ ಅನ್ನಿ, ಮರುಳು ಅನ್ನಿ. ಆಮೇಲೆ ಮೆಲ್ಲಗೆ, ಹಾಗೆ ತಲೆ ಕೆಡಿಸೋ ಜಾಗಕ್ಕೂ ಅದೇ ಹೆಸರು ಬಂತು. ಅಮೇಜ್ ಅಂತಾರಲ್ಲ, ಆಶ್ಚರ್ಯಕ್ಕೆ, ಅದೂ ಅದೇ ಬಳಗ, ಇನ್ನೂ ಹಳೇದು. ಮೊದಲು ಅದರ ಅರ್ಥ ಆಶ್ಚರ್ಯ ಅಲ್ಲ, ಪೆಟ್ಟು ತಿಂದವನ ಹಾಗೆ ಮಂಕಾಗೋದು."

"ಅದಕ್ಕೂ ಹಿಂದೆ?"

"ಗೊತ್ತಿಲ್ಲ. ಯಾರಿಗೂ ಖಚಿತವಾಗಿ ಗೊತ್ತಿಲ್ಲ. 'ಮೂಲ ತಿಳಿಯದು ಅಂತ ಬರೆಯೋಕೂ ಧೈರ್ಯ ಬೇಕು ಕಣಯ್ಯಾ' ಅಂತಿದ್ರು." ಅವರ ದನಿ ಒಡೆಯಿತು. "ನಮ್ಮಲ್ಲಿ ದಿಗ್ಭ್ರಮೆ ಇದೆ ನೋಡಿ. ದಿಕ್ಕು ತಿಳಿಯದ ಭ್ರಮೆ. ಇಂಗ್ಲಿಷಿನದು ಮನುಷ್ಯನ ತಲೆಯಿಂದ ಹೊರಗೆ ಬಂದು ಬೇಲಿಗೆ ಅಂಟಿಕೊಳ್ತು, ನಮ್ಮದು ದಾರಿಯ ಮೇಲಿಂದ ಎದ್ದು ಬಂದು ಪೇಪರಿನಲ್ಲಿ ಕೂತಿದೆ. ಮಂತ್ರಿಗಳು ದಿನಾ ದಿಗ್ಭ್ರಮೆ ವ್ಯಕ್ತಪಡಿಸ್ತಾರೆ, ದಿಕ್ಕು ಮಾತ್ರ ಯಾರಿಗೂ ತಪ್ಪಲ್ಲ. ಇದನ್ನೆಲ್ಲ ಅವತ್ತು ಹೇಳೋರಿದ್ರು. ಹಾಗಾಗಿ, ಅವರು ಗೋಡೆಗೆ ಹೋಗಿ ನಿಂತಾಗ, ಆಹಾ, ಮೊದಲನೇ ಅರ್ಥ ಎಷ್ಟು ಚೆನ್ನಾಗಿ ಮಾಡಿ ತೋರಿಸ್ತಿದ್ದಾರೆ ಅಂತ..."

ಅರ್ಥ ಬಲ್ಲವರೇ ಅಪಾರ್ಥ ಮಾಡಿಕೊಂಡಿದ್ದರು. ಅರ್ಥ ಗೊತ್ತಿಲ್ಲದ ಯಾವನೋ ದಾರಿಹೋಕನಾಗಿದ್ದರೆ ಓಡಿ ಬಂದು ನೀರು ಕೊಡುತ್ತಿದ್ದ.

ಸೂಜಿ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಅಲ್ಪವಿರಾಮರ ಮಾತೊಂದು ತಲೆಯಲ್ಲಿ ಮಿಂಚಿತು.

ಬೇಲಿಗಲ್ಲ, ಮನುಷ್ಯನ ತಲೆಗೆ ಆ ಹೆಸರು.

ಇನ್‌ಸ್ಪೆಕ್ಟರ್ ಬೇಲಿ ಅಳೆದಿದ್ದ. ಅವಳೂ ಅಷ್ಟೇ, ಬೆಳಗಿನಿಂದ ಬೇಲಿಯ ಸುತ್ತಲೇ ಗಿರಕಿ ಹೊಡೆದಿದ್ದಳು. ದಾರಿಯಲ್ಲಿ ಏನು ಬದಲಾಯಿತು ಎಂದು ಎಲ್ಲರೂ ಕೇಳಿದರು. ನಡೆದವನೊಳಗೆ ಏನು ಬದಲಾಯಿತು ಎಂದು ಕೇಳಿದವಳು ಅತ್ತಿಗೆ ಒಬ್ಬಳೇ. ಅವಳ ಬಾಯನ್ನು ಗದರಿಸಿ ಮುಚ್ಚಿಸಿದ್ದು ತಾನು. ಸೂಜಿಗೆ ತನ್ನ ಮೇಲೇ ಮೈ ಉರಿಯಿತು.

ನೆರಳಲ್ಲಿ ಬೆವರು. ಕೈನಡುಕ. ಗಿಡದೊಂದಿಗೆ ಜಗಳ. ಒಮ್ಮೆ ಮನೆಯಲ್ಲೇ ಊಟ ತಡವಾಗಿ ಅಣ್ಣ ಹೀಗೇ ಗಡಿಯಾರದ ಜೊತೆ ವಾದಕ್ಕೆ ನಿಂತಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಮೈಯಲ್ಲಿ ಸಕ್ಕರೆ ಇಳಿದುಹೋಗಿತ್ತು. ಅತ್ತಿಗೆ ಓಡಿ ಬಂದು ಎರಡು ಮಿಠಾಯಿ ಬಾಯಿಗೆ ಹಾಕಿದಳು. ಸ್ವಲ್ಪ ಹೊತ್ತಿಗೇ ಅಣ್ಣ ಕಣ್ಣರಳಿಸಿ, "ಏನ್ರೇ, ಗಡಿಯಾರ ಸೋಲೊಪ್ಪಿತಾ?" ಎಂದು ಕೇಳಿ ಎಲ್ಲರನ್ನೂ ನಗಿಸಿದ್ದ. ಅಂದಿನಿಂದ ಜೇಬಿನಲ್ಲಿ ಕೆಂಪು ಕಾಗದದ ಮಿಠಾಯಿ ಇಲ್ಲದೆ ಅವನು ಹೊಸಿಲು ದಾಟುತ್ತಿರಲಿಲ್ಲ.

ಅಂದರೆ ಬೆಂಚಿನ ತಿರುವಿನಲ್ಲಿ ಅವನಿಗೆ ಗೊತ್ತಾಗಿತ್ತು. ಮಂಕಿನ ನಡುವೆಯೂ ತನಗೇನಾಗುತ್ತಿದೆ ಎಂದು ತಿಳಿದು, ಕೂತು, ಹಲ್ಲಿನಿಂದ ಕಾಗದ ಕಿತ್ತು, ಮಿಠಾಯಿ ತಿಂದಿದ್ದ. ಒಂದಲ್ಲ ಎರಡಲ್ಲ, ಜನ ಎಣಿಸುವಷ್ಟು.

ತಿಂದೂ ಸತ್ತ. ಯಾಕೆ?

"ಇಳೀರಿ," ಎಂದಳು ಸೂಜಿ. "ಇಬ್ಬರೂ ಇಳೀರಿ ಕೆಳಗೆ."

ಬೆಂಚಿನ ತಿರುವು ದಾಟಿ, ಬಲಕ್ಕೆ ಹೊರಳಿ, ಆ ಗೋಡೆಯ ಬುಡಕ್ಕೆ ಬಂದರು. ಮೊನ್ನೆಯಿಂದ ಈ ಓಣಿಗೆ ಹಗ್ಗ ಕಟ್ಟಿದ್ದರಿಂದ ಪೊಲೀಸರನ್ನು ಬಿಟ್ಟು ಯಾರೂ ಕಾಲಿಟ್ಟಿರಲಿಲ್ಲ. ಅಳತೆಗೆ ಬಂದ ಪೊಲೀಸರು ಗಿಡದ ಎತ್ತರ ನೋಡಿದ್ದರೇ ಹೊರತು ನೆಲ ನೋಡಿರಲಿಲ್ಲ. ಅಣ್ಣ ಒರಗಿದಲ್ಲಿ ಕೊಂಬೆಗಳು ಒಳಕ್ಕೆ ಬಾಗಿ ಇನ್ನೂ ಹಾಗೇ ಇದ್ದವು. ಅವಳು ಅದನ್ನು ನೋಡದೆ ಮಂಡಿಯೂರಿದಳು.

ಅಂಚುಗಲ್ಲಿನ ಮೇಲೆ ಅರ್ಧ ಚೀಪಿದ ಒಂದು ಮಿಠಾಯಿ ಅಂಟಿಕೊಂಡಿತ್ತು. ಬಾಯಿಂದ ಜಾರಿ ಬಿದ್ದದ್ದು. ಅದರ ಪಕ್ಕದಲ್ಲೇ ಇರುವೆ ಸಾಲು ಹಾದು ಹೋಗುತ್ತಿತ್ತು. ಸಾಲು ಮಿಠಾಯಿಯ ಹತ್ತಿರ ಬಂದು, ಒಂದಿಷ್ಟು ಬಳಸಿ, ತನ್ನ ಪಾಡಿಗೆ ತಾನು ಮುಂದೆ ಹೋಗುತ್ತಿತ್ತು.

"ಎಲ್ಲಿಗೆ ಹೊರಟಿದಾವೆ ಇವು?" ಎಂದು ಗೊಣಗುತ್ತ ಅವಳು ಸಾಲು ಹಿಡಿದು ತೆವಳಿದಳು. ಬೇಲಿಯ ಬುಡದಲ್ಲಿ ಯಾವನೋ ಪೇದೆ ಚಹಾ ಕುಡಿದು ಹಗ್ಗದ ಆಚೆಯಿಂದ ಎಸೆದ ಕಾಗದದ ಲೋಟ. ಅದರ ತಳದಲ್ಲಿ ಇರುವೆಗಳ ಜಾತ್ರೆಯೇ ನೆರೆದಿತ್ತು.

ಸಕ್ಕರೆ ಇದ್ದಲ್ಲಿ ಇರುವೆ ಎನ್ನುತ್ತಾರೆ. ಮಿಠಾಯಿಯೇ ದಾರಿಯಲ್ಲಿ ಬಿದ್ದಿರುವಾಗ ಅದನ್ನು ಬಿಟ್ಟು ಒಣಗಿದ ಚಹಾದ ತಳ ನೆಕ್ಕಲು ಯಾವ ಇರುವೆ ಹೋಗುತ್ತದೆ?

ಸೂಜಿ ಚೀಲ ತೆಗೆದಳು. ಆಸ್ಪತ್ರೆಯವರು ಕೊಟ್ಟ ಅಣ್ಣನ ಸಾಮಾನು ಅದರಲ್ಲೇ ಇತ್ತು: ಕನ್ನಡಕ, ಕರವಸ್ತ್ರ, ಬಿಚ್ಚದೆ ಉಳಿದ ಒಂದು ಹಿಡಿ ಮಿಠಾಯಿ. ಒಂದನ್ನು ಬಿಚ್ಚಿ ನಾಲಿಗೆಯ ಮೇಲಿಟ್ಟಳು. ಸಿಹಿಯೇನೋ ಇತ್ತು. ಆದರೆ ಸಿಹಿಯ ಹಿಂದೆಯೇ ನಾಲಿಗೆ ತಣ್ಣಗಾಯಿತು, ಹಲ್ಲಿಗೆ ಅಂಟುವ ಪಾಕ ಇರಲಿಲ್ಲ. ಸಕ್ಕರೆ ಕಾಯಿಲೆಯವರಿಗೆಂದೇ ಮಾಡುವ, ಸಕ್ಕರೆಯೇ ಇಲ್ಲದ ಮಿಠಾಯಿ ಅದು. ಬೇರೆ ದಿನ ಒಳ್ಳೆಯದೇ. ಆ ದಿನ ಅಣ್ಣನಿಗೆ ಬೇಕಿದ್ದದ್ದು ಅಪ್ಪಟ ಸಕ್ಕರೆ.

ಮುಳುಗುತ್ತಿರುವವನಿಗೆ ಹಗ್ಗ ಎಂದು ದಾರ ಎಸೆದಿದ್ದರು.

ಉಳಿದವನ್ನು ಅಂಗೈ ಮೇಲೆ ಹರವಿ ನೋಡಿದಳು. ಕಾಗದ ಅದೇ ಹಳೆಯ ಕೆಂಪು ಕಾಗದ, ಅಣ್ಣ ಚಿಕ್ಕಂದಿನಿಂದ ತಿನ್ನುತ್ತಿದ್ದ ಮಿಠಾಯಿಯದೇ. ಆದರೆ ಕಾರ್ಖಾನೆಯ ಯಂತ್ರ ತಿರುಚಿದರೆ ಎಲ್ಲದರ ಕಿವಿಯೂ ಒಂದೇ ಅಳತೆಗೆ ಇರುತ್ತದೆ. ಇಲ್ಲಿ ಒಂದರ ಕಿವಿ ಉದ್ದ, ಇನ್ನೊಂದರದು ಮೋಟು, ಮತ್ತೊಂದಕ್ಕೆ ಎರಡು ಸುತ್ತು ಹೆಚ್ಚು. ಯಾರೋ ಕೂತು ಹಳೆಯ ಕಾಗದದಲ್ಲಿ ಕೈಯಿಂದ ಸುತ್ತಿದ್ದರು. ಅಣ್ಣನಿಗೆ ತಿಳಿಯಬಾರದೆಂದೇ ಸುತ್ತಿದ್ದರು.

ಅವಳು ಎದ್ದು ನಿಂತಳು. ಮುಖ ಕೆಂಡವಾಗಿತ್ತು. "ಆಸ್ಪತ್ರೆಯವರು ಹೃದಯ ನಿಂತಿತು ಅಂತ ಬರೆದುಕೊಟ್ಟರಲ್ಲ, ಹೃದಯ! ಇದು ಕೊಲೆ."

ಅಲ್ಪವಿರಾಮ ಒಂದು ಹೆಜ್ಜೆ ಹಿಂದೆ ಸರಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು ಅವರ ಸ್ಥಿತಿ.

"ಎಲ್ಲಿಗೆ?" ಸೂಜಿ ಅವರಿಗೂ ಓಣಿಗೂ ನಡುವೆ ಬಂದು ನಿಂತಳು. "ಕಚೇರಿಯಲ್ಲಿ ಅಣ್ಣನ ಮೇಜಿಗೆ ಅಂಟಿಕೊಂಡೇ ನಿಮ್ಮ ಮೇಜು. ವೈದ್ಯಕೀಯ ಪದಗಳನ್ನೆಲ್ಲ ನಿಘಂಟಿಗೆ ಬರೆದೋರು ನೀವು. ಸಕ್ಕರೆ ಇಳಿದ್ರೆ ಏನಾಗತ್ತೆ ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತು, ಆದರೆ..."

"ಬೆವರು, ನಡುಕ, ಮಂಕು. ಬರೆದಿದ್ದೀರಿ. ಕಣ್ಣೆದುರಿಗೆ ನಡೆದಾಗ ಚಪ್ಪಾಳೆ ಹೊಡೆದ್ರಿ."

"ಅಮ್ಮಾ, ನಾನು ಆ ಹೊತ್ತಿಗೆ..."

"ಅವನು ಎದ್ದು ಹೋದ್ರೆ ಕುರ್ಚಿ ಯಾರಿಗೆ? ಹೇಳಿ! ಒಂದೇ ಒಂದು ವಾಕ್ಯ ಜೀವನದಲ್ಲಿ ಮುಗಿಸಿ ಹೇಳಿ!"

ಗೋಪುರದವನು ನಡುವೆ ಬಾಯಿ ಹಾಕಲು ಹೋದ. "ಮೇಡಂ, ಸಮಾಧಾನ..."

"ನೀನು ಸುಮ್ನಿರು! ನಿನ್ನ ಸರದಿ ಇನ್ನೂ ಮುಗಿದಿಲ್ಲ."

ಅವಳು ಫೋನು ತೆಗೆದೇ ಬಿಟ್ಟಳು. ಆ ಕಡೆ ಇನ್‌ಸ್ಪೆಕ್ಟರ್ ಹಲೋ ಎನ್ನುವಷ್ಟೂ ಪುರಸೊತ್ತು ಕೊಡಲಿಲ್ಲ. "ನೋಡಪ್ಪಾ, ಟೇಪು ಕೆಳಗಿಡು. ಕೊಲೆ ಅಂತ ಬರ್ಕೋ. ಅಣ್ಣನ ಮಿಠಾಯಿ ಬದಲಾಯಿಸಿ, ಮತ್ತೆ ಅದೇ ಕಾಗದ ಸುತ್ತಿಟ್ಟಿದ್ದಾರೆ. ಸುತ್ತಿದೋನು ಸಿಕ್ಕಿದ್ರೆ ಕೊಂದೋನು ಸಿಕ್ಕಿದ ಹಾಗೆ. ಮನೆಗೆ ಬಾ, ಅತ್ತಿಗೆ ಹೇಳಿಕೆ ತಗೋ. ಮಿಠಾಯಿ ಯಾರ ಯಾರ ಕೈ ದಾಟಿ ಬಂತು ಅಂತ ಅವರಿಗೆ ಗೊತ್ತಿರತ್ತೆ."

"ಖಂಡಿತವಾಗಿ ಕೊಲೆನಾ ಮೇಡಂ? ಒಂದು ಸಲ ಬರೆದ್ರೆ ಅಳಿಸೋಕಾಗಲ್ಲ."

"ನಿನಗೆ ಬರೆಯೋಕೆ ಕಲಿಸಿದೋಳೇ ನಾನು. ಬರಿ."

ಫೋನು ಚೀಲಕ್ಕೆ ಸೇರಿತು. ಅಲ್ಪವಿರಾಮ ಬೇಲಿಗೆ ಬೆನ್ನು ಹಚ್ಚಿ ನಿಂತಿದ್ದರು. ಮುಖದಲ್ಲಿ ಹೆದರಿಕೆ ಹೋಗಿ ಇನ್ನೇನೋ ಬಂದಿತ್ತು, ಅದೂ ಸಿಟ್ಟೇ.

"ನಾನು ಅವರ ಕೈಕೆಳಗೆ ಇಡೀ ವಯಸ್ಸು ಸವೆಸಿದವನು," ಎಂದರು. "ಚಪ್ಪಾಳೆ ಹೊಡೆದೆ, ಅದನ್ನ ಸಾಯೋವರೆಗೂ ಹೊತ್ಕೊಂಡಿರ್ತೀನಿ. ಅದು ನನ್ನ ಪಾಪ. ಆದರೆ ಮಿಠಾಯಿ ನನ್ನದಲ್ಲ. ಅವರು ಕಚೇರಿಯಲ್ಲಿ ಮಿಠಾಯಿ ಇಟ್ಟುಕೊಳ್ತಲೇ ಇರಲಿಲ್ಲ. ದಿನಾ ಬೆಳಿಗ್ಗೆ ಮನೆಯಿಂದಲೇ ಜೇಬಿಗೆ ತುಂಬಿಸಿಕೊಂಡು ಬರ್ತಿದ್ರು. ಯಾರನ್ನ ಬೇಕಾದ್ರೂ ಕೇಳಿ."

ಅವರು ಆ ವಾಕ್ಯಗಳನ್ನೆಲ್ಲ ಮುಗಿಸಿದ್ದರು. ಒಂದನ್ನೂ ಎಳೆದಿರಲಿಲ್ಲ. ಸೂಜಿಗೆ ಅದು ಹಿಡಿಸಲಿಲ್ಲ.

"ಮನೆಗೆ ನೀವೂ ಬಂದು ಹೋಗ್ತೀರಲ್ಲ," ಎಂದಳು. ಆದರೆ ದನಿಯಲ್ಲಿ ಮೊದಲಿನ ಮೊನೆ ಇರಲಿಲ್ಲ.

ಮನೆಗೆ ಬಂದಾಗ ಅತ್ತಿಗೆ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಒಲೆ ತಣ್ಣಗಿತ್ತು. ಪಕ್ಕದ ಮನೆಯವರು ತಂದಿಟ್ಟ ತಟ್ಟೆ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು. ಬಲಗೈಗೆ ಒಂದು ಟವೆಲು ಸುತ್ತಿಕೊಂಡಿದ್ದಳು, ಗಾಯವಾದವರ ಹಾಗೆ.

ಸೂಜಿ ಅವಳ ಎದುರಿಗೆ ನೆಲದ ಮೇಲೇ ಕೂತಳು. ಟವೆಲು ಬಿಡಿಸಿ ಆ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದಳು. "ಅತ್ತಿಗೆ, ಕೇಳಿ. ಇಂಜೆಕ್ಷನ್ನಿಂದ ಆಗಿಲ್ಲ. ನಾನು ಹೇಳಿದ್ದೆ ತಾನೇ? ಸಕ್ಕರೆ ಇಳಿದಿದ್ದು ನಿಜ. ಎಷ್ಟು ಸಲ ಇಳಿದಿಲ್ಲ ಅವನಿಗೆ? ಪ್ರತಿ ಸಲ ಮಿಠಾಯಿ ತಿಂದು ಎದ್ದಿಲ್ವಾ? ಅವತ್ತೂ ತಿಂದ. ಎದ್ದು ಬರ್ತಿದ್ದ. ಆದ್ರೆ ಆ ಮಿಠಾಯಿಯಲ್ಲಿ ಸಕ್ಕರೆಯೇ ಇರಲಿಲ್ಲ. ಯಾರೋ ಪಾಪಿ ಬದಲಾಯಿಸಿದ್ದಾನೆ."

ಅತ್ತಿಗೆಯ ಕಣ್ಣು ಅವಳ ಮೇಲೆ ನಿಂತಿತು. ದಿನಗಳಾಗಿದ್ದವು ಅವಳು ಯಾರನ್ನಾದರೂ ಹೀಗೆ ನೇರವಾಗಿ ನೋಡಿ.

"ಸಕ್ಕರೆ ಇಲ್ಲದ್ದು ತಿಂದ್ರೆ... ಏಳೋಕಾಗಲ್ವಾ?"

"ಹೇಗಾಗತ್ತೆ ಅತ್ತಿಗೆ? ಸಕ್ಕರೆ ಇಳಿದಾಗ ಸಕ್ಕರೆಯೇ ಬೇಕು. ಇದು ಬಾಯಿಗೆ ಸಿಹಿ, ಒಳಗೆ ಹೋದ್ರೆ ಏನೂ ಇಲ್ಲ. ಅದಕ್ಕೇ ಹಳೇ ಕಾಗದದಲ್ಲಿ ಸುತ್ತಿಟ್ಟಿದ್ದು, ಅಣ್ಣನಿಗೆ ಗೊತ್ತಾಗಬಾರದು ಅಂತ. ಕಟುಕರು! ಸುತ್ತಿದ ಕೈನ ನಾನು..."

"ಕಾಯಿಲೆಗೆ ಒಳ್ಳೇದು ಅಂತ ಅಲ್ವಾ ಅದು?"

ಸೂಜಿ ಅವಳ ಮುಖವನ್ನೇ ನೋಡಿದಳು.

"ಒಳ್ಳೇದು ಅಂತ ತಾನೇ ನೀನು ಹೇಳಿ ಕಳಿಸಿದ್ದು?" ಎಂದಳು ಅತ್ತಿಗೆ. ಅವಳ ದನಿಯಲ್ಲಿ ದೂರು ಇರಲಿಲ್ಲ, ಬರೀ ಗಾಬರಿ. "ಸಕ್ಕರೆ ಇಲ್ಲದ್ದು ಅಂದ್ರೆ ಅಣ್ಣ ಮುಟ್ಟಲ್ಲ, ಹಳೇ ಕಾಗದದಲ್ಲಿ ಸುತ್ತಿಡಿ, ಅವನಿಗೆ ಹೇಳ್ಬೇಡಿ ಅಂತ. ನಾನು ಹಾಗೇ ಮಾಡಿದೆ ಕಣೇ. ಅವರ ಹಳೇ ಮಿಠಾಯಿ ಎಲ್ಲ ಬಿಚ್ಚಿ, ಕಾಗದ ನೀಟಾಗಿ ಸವರಿ, ಒಂದೊಂದೇ ಸುತ್ತಿದೆ. ಅವರ ಒಳ್ಳೇದಕ್ಕೆ ಅಂತ."

"ನಾನಾ? ನಾನು ಯಾವಾಗ ಹೇಳಿದೆ?"

"ನಿನ್ನ ಆಫೀಸಿನವಳು ಬಂದಿದ್ದಳಲ್ಲ, ಕನ್ನಡಕದವಳು. ಒಂದು ಬಿಳಿ ಡಬ್ಬಿ ತಂದುಕೊಟ್ಟಳು. 'ಮೇಡಂ ಕಳಿಸಿದ್ದಾರೆ, ಅವರಿಗೆ ಬಿಡುವಿಲ್ಲ' ಅಂದಳು. ಬಾಯ್ತುಂಬ ಅತ್ತಿಗೆ ಅತ್ತಿಗೆ ಅಂತಲೇ ಮಾತಾಡಿಸಿದಳು. ನಿನ್ನ ಮಾತು ನಾನು ಯಾವತ್ತಾದ್ರೂ ತೆಗೆದು ಹಾಕಿದ್ದೀನಾ?"

ಸೂಜಿಯ ಆಫೀಸಿನಲ್ಲಿ ಸೂಜಿಯನ್ನು ಬಿಟ್ಟರೆ ಇದ್ದದ್ದು ಒಂದು ಮೇಜು, ಎರಡು ಕುರ್ಚಿ, ಕಿರಗುಟ್ಟುವ ಒಂದು ಫ್ಯಾನು. ಕನ್ನಡಕದವಳು ಯಾರೂ ಇರಲಿಲ್ಲ. ಎಂದೂ ಇರಲಿಲ್ಲ.

ಯಾರೋ ಈ ಮನೆಯನ್ನು ಚೆನ್ನಾಗಿ ಬಲ್ಲವರು. ಅಣ್ಣನಿಗೆ ಯಾವ ಮಿಠಾಯಿ, ಅತ್ತಿಗೆ ಯಾರ ಮಾತಿಗೆ ಮರುಮಾತಾಡುವುದಿಲ್ಲ, ಎಲ್ಲವನ್ನೂ ತಿಳಿದವರು. ಕೊಂದದ್ದು ಸಾಲದೆಂದು, ಕೊಲ್ಲುವ ಕೆಲಸವನ್ನು ಅವನ ಹೆಂಡತಿಯ ಪ್ರೀತಿಯಿಂದಲೇ ಮಾಡಿಸಿದವರು. ಅದಕ್ಕೆ ತಂಗಿಯ ಹೆಸರನ್ನು ಹಚ್ಚಿದವರು. ಸೂಜಿಗೆ ಕೂಗಬೇಕೆನಿಸಿತು.

"ಅತ್ತಿಗೆ," ಎಂದಳು, ಕಷ್ಟಪಟ್ಟು. "ನಾನು ಯಾರನ್ನೂ ಕಳಿಸಿಲ್ಲ."

ಅತ್ತಿಗೆಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಗಳಿಗೆಯಲ್ಲಿ ಅವಳು ಅಳಲಿಲ್ಲ. ಸೂಜಿಯ ಕೈಯಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು, ಅಷ್ಟೇ.

ಮುಂಬಾಗಿಲ ಗಂಟೆ ಬಾರಿಸಿತು.

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಇನ್‌ಸ್ಪೆಕ್ಟರನ್ನು ಕರೆದವಳು ಅವಳೇ. ಕೊಲೆ ಎಂದು ಬರೆಸಿದವಳು ಅವಳೇ.

"ಅತ್ತಿಗೆ, ಈಗ ಏನೂ ಮಾತಾಡ್ಬೇಡಿ," ಎಂದು ಸೂಜಿ ಪಿಸುಗುಟ್ಟಿದಳು. "ಕೇಳಿದ್ರೆ ಗೊತ್ತಿಲ್ಲ ಅನ್ನಿ. ಆಮೇಲೆ ನಾನು ಎಲ್ಲ ಸರಿ ಮಾಡ್ತೀನಿ. ನನ್ನಾಣೆ!"

ಇನ್‌ಸ್ಪೆಕ್ಟರ್ ಬೂಟು ಹೊರಗೆ ಬಿಟ್ಟು ಒಳಬಂದ. ಹಿಂದೆ ಒಬ್ಬ ಪೇದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಸತ್ತ ಮನೆಯ ಮರ್ಯಾದೆಗೆ ದನಿ ತಗ್ಗಿಸಿ ಕೇಳಿದ. "ತೊಂದರೆ ಕೊಡ್ತಿದ್ದೀನಿ, ತಪ್ಪು ತಿಳೀಬೇಡಿಯಮ್ಮ. ಒಂದೇ ಪ್ರಶ್ನೆ. ಆ ಮಿಠಾಯಿಗೆ ಕಾಗದ ಸುತ್ತಿದ್ದು ಯಾರು ಅಂತ ನಿಮಗೇನಾದ್ರೂ ಗೊತ್ತಾ?"

ಸೂಜಿ ಬೇಡವೆಂದು ತಲೆಯಾಡಿಸಿದಳು, ಅವನಿಗೆ ಕಾಣದಂತೆ. ಅತ್ತಿಗೆ ಅವಳತ್ತ ನೋಡಿದಳು. ನೋಟ ತಣ್ಣಗಿತ್ತು. ಇಷ್ಟು ವರ್ಷ ಬಂದಾಗಲೆಲ್ಲ ಒಂದೇ ಒಲೆಯ ಮುಂದೆ ಕೂತು ಉಂಡವಳನ್ನು ಅವಳು ಹೊಸಬಳನ್ನು ಅಳೆದು ನೋಡುವಂತೆ ನೋಡಿದಳು. ಕಳಿಸಿಲ್ಲ ಎಂದವಳು ಈಗ ಸುಳ್ಳು ಹೇಳು ಎನ್ನುತ್ತಿದ್ದಾಳೆ.

"ನಾನೇ ಸುತ್ತಿದ್ದು," ಎಂದಳು ಅತ್ತಿಗೆ. ಮೂರು ದಿನದಲ್ಲಿ ಮೊದಲ ಬಾರಿಗೆ ಅವಳ ದನಿ ಗಟ್ಟಿಯಾಗಿತ್ತು. ಅವಳು ಬೆರಳೆತ್ತಿ ಸೂಜಿಯನ್ನು ತೋರಿಸಿದಳು. "ಸುತ್ತು ಅಂತ ಹೇಳಿ ಕಳಿಸಿದ್ದು ಇವಳು."

ಇನ್‌ಸ್ಪೆಕ್ಟರ್ ತನ್ನ ಹಳೆಯ ಗುರುವಿನತ್ತ ತಿರುಗಿದ. "ಮೇಡಂ," ಎಂದ, "ಆ ಚೀಲ ಕೆಳಗಿಡಿ."